‘ತೊಂದರೆಯಿಲ್ಲ’ ಅಂತ ಹೇಳುತ್ತಿದ್ದ ವರ್ಷಗಳು

ಲಂಡನ್ನಿನ ಹ್ಯಾರೋದ ನಮ್ಮ ಮನೆಗೆ ವರ್ಷಕ್ಕೊಮ್ಮೆ ಒಬ್ಬಾಕೆ ಲ್ಯಾಪ್‌ಟಾಪ್ ಹಿಡಿದು ಬರುತ್ತಿದ್ದರು. ‘ಅಂಡರ್‌ಸ್ಟ್ಯಾಂಡಿಂಗ್ ಸೊಸೈಟಿ’ ಅಂತ ಒಂದು ಸಮೀಕ್ಷೆ. ಎಸೆಕ್ಸ್ ವಿಶ್ವವಿದ್ಯಾಲಯದವರು 2009ರಲ್ಲಿ ಶುರು ಮಾಡಿದ್ದು. ಸುಮಾರು 40,000 ಮನೆಗಳನ್ನು ಹಿಡಿದು, ಅದೇ ಜನರನ್ನು ವರ್ಷವರ್ಷ ಕೇಳುತ್ತಾ ಹೋಗುವುದು. ಭಾರತೀಯರ ಮನೆಗಳನ್ನು ಬೇಕೆಂದೇ ಜಾಸ್ತಿ ಸೇರಿಸಿಕೊಂಡಿದ್ದರು. ನಾವು ಸಿಕ್ಕಿದ್ದು ಹಾಗೆ.

ಆಕೆಗೆ ಚಹಾ, ಚಕ್ಕುಲಿ ಕೊಡುತ್ತಿದ್ದೆ. ಖಾಸಗಿ ಪ್ರಶ್ನೆ ಬಂದಾಗ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ತಾವು ಕಿಟಕಿಯಾಚೆ ನೋಡುತ್ತಿದ್ದರು. ನಮ್ಮೆಜಮಾನ್ರು ಮಾತ್ರ ಬಗ್ಗಿ ನೋಡೋರು!

ಆದರೆ ದುಡ್ಡಿನ ಪ್ರಶ್ನೆಯನ್ನು ಆಕೆ ಬಾಯಲ್ಲೇ ಕೇಳುತ್ತಿದ್ದರು. ಈಗ ಹಣಕಾಸು ಹೇಗೆ ನಡೀತಿದೆ? ಐದು ಉತ್ತರ, ‘ಆರಾಮಾಗಿದ್ದೇವೆ’ಯಿಂದ ‘ತುಂಬಾ ಕಷ್ಟ’ದವರೆಗೆ. ನಾನು ಪ್ರತಿ ಸಲ ಎರಡನೆಯದು, ‘ತೊಂದರೆಯಿಲ್ಲ’. ಇವರ ಕೆಲಸ ಹೋಗಿ ಏಳು ತಿಂಗಳಾಗಿದ್ದ ವರ್ಷವೂ ಅದೇ. ಮನೆಗೆ ಬಂದವರ ಮುಂದೆ, ಅದೂ ಗಂಡನ ಪಕ್ಕ ಕೂತು, ಇಲ್ಲ ಅನ್ನೋದು ಹೇಗೆ?

ಮುಂದೊಂದು ವರ್ಷ ಆಕೆ ಬರಲಿಲ್ಲ, ಪತ್ರ ಬಂತು. ಆನ್‌ಲೈನಲ್ಲೇ ತುಂಬಿ ಅಂತ. ರಾತ್ರಿ ಹನ್ನೊಂದಕ್ಕೆ, ಪಾತ್ರೆ ತೊಳೆದಿಟ್ಟು, ಅಡುಗೆಮನೆಯಲ್ಲಿ ಕೂತೆ. ಅದೇ ಪ್ರಶ್ನೆ. ಸುಮ್ನೆ ಮೂರನೆಯದನ್ನು ಒತ್ತಿದೆ: ‘ಹೇಗೋ ನಡೀತಿದೆ’. ತಮಾಷೆ ಅಂದ್ರೆ, ಅಷ್ಟರಲ್ಲಿ ಇವರಿಗೆ ಹೊಸ ಕೆಲಸ ಸಿಕ್ಕಿತ್ತು. ಸಮೀಕ್ಷೆಯವರ ಲೆಕ್ಕದಲ್ಲಿ ನಾವು ಚೆನ್ನಾಗಿದ್ದವರು ಕಷ್ಟಕ್ಕೆ ಬಿದ್ದೆವು. ನಿಜಕ್ಕೂ ಆಗಿದ್ದು ಉಲ್ಟಾ.

ಒಂದೇ ಸಲ ಕೇಳಿ ಬಿಡುವ ಸಮೀಕ್ಷೆಗೆ ಈ ತಲೆನೋವಿಲ್ಲ. ಹೋದ ವರ್ಷಕ್ಕೂ ಈ ವರ್ಷಕ್ಕೂ ಏನು ಬದಲಾಯಿತು ಅಂತ ಹುಡುಕೋರಿಗೆ, ಬದುಕು ಬದಲಾಯಿತೋ ಕೇಳುವ ರೀತಿಯೋ ಅಂತ ಗೊತ್ತಾಗಬೇಕಲ್ವಾ? ಅವರೇನೂ ಕಣ್ಣುಮುಚ್ಚಿ ಆನ್‌ಲೈನಿಗೆ ಹಾರಲಿಲ್ಲ. 2012ರಲ್ಲಿ, ಪ್ರಯೋಗಕ್ಕೆಂದೇ ಇಟ್ಟುಕೊಂಡ ಬೇರೊಂದು ಸಣ್ಣ ಗುಂಪಿನಲ್ಲಿ, ಚೀಟಿ ಎತ್ತಿದ ಹಾಗೆ ಮೂರರಲ್ಲಿ ಎರಡು ಪಾಲು ಮನೆಗಳಿಗೆ ಮೊದಲು ಆನ್‌ಲೈನ್ ಕೊಟ್ಟು, ಉಳಿದವರ ಮನೆಗೆ ಹೋಗಿ ಹೋಲಿಸಿದರು. ದೊಡ್ಡ ಸಮೀಕ್ಷೆಯಲ್ಲಿ ಒಂದಷ್ಟು ಮನೆಗಳಿಗೆ ಮೊದಲು ಆನ್‌ಲೈನ್ ಅಂತ ಆಗಿದ್ದು 2016ರಿಂದ. ತುಂಬದೆ ಬಿಟ್ಟವರ ಬಾಗಿಲಿಗೆ ಆಮೇಲೆ ಜನ ಬರುತ್ತಿದ್ದರು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಮನೆಗೆ ಬರೋದೇ ನಿಂತಿತು.

ಆ ರಾತ್ರಿ ನಾನು ಮುಗಿಸಿ ಎದ್ದ ಮೇಲೆ ಇವರು ಕೂತರು. ದುಡ್ಡಿನ ಪ್ರಶ್ನೆಗೆ ಏನು ಒತ್ತಿದಿರಿ ಅಂತ ಕೇಳಿದೆ. ‘ನೀನೇನು ಒತ್ತಿದೆ?’ ಅಂದರು. ಇಬ್ಬರೂ ಹೇಳಲಿಲ್ಲ.