ಬ್ರೆಟ್ ಬಿಯರ್ ಬಾಟಲಿ ಸಿಡಿಯುವ ಲೆಕ್ಕ

ಏರ್‌ಲಾಕ್‌ನಲ್ಲಿ (ಹುದುಗುವ ಪಾತ್ರೆಯಿಂದ ಗ್ಯಾಸ್ ಹೊರಬಿಡುವ ಕೊಳವೆ) ಗುಳ್ಳೆ ನಿಂತಿದೆ, ಮೂರು ದಿನದಿಂದ ಗ್ರಾವಿಟಿ, ಅಂದರೆ ನೀರನ್ನು 1.000 ಎಂದಿಟ್ಟು ಅಳೆಯುವ ಬಿಯರ್‌ನ ಸಾಂದ್ರತೆ, 1.010ರಿಂದ ಅಲುಗಿಲ್ಲ. ಸಕ್ಕರೆ ಹುದುಗಿದಂತೆ ಇದು ಇಳಿಯುತ್ತದೆ. ಮಾಮೂಲಿ ಏಲ್ ಯೀಸ್ಟ್ ಆದರೆ ಬಾಟಲಿಗೆ ತುಂಬಬಹುದು. ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್ (ಚಿಕ್ಕದಾಗಿ ಬ್ರೆಟ್) ಸೇರಿದ ಬಿಯರ್‌ಗೆ ಮಾತ್ರ ಈ ಮೂರು ದಿನಕ್ಕೆ ಯಾವ ಅರ್ಥವೂ ಇಲ್ಲ.

ಏಲ್ ಯೀಸ್ಟ್ ಸಣ್ಣ ಸಕ್ಕರೆಗಳಾದ ಮಾಲ್ಟೋಸ್, ಮಾಲ್ಟೋಟ್ರಯೋಸ್‌ವರೆಗೆ ತಿಂದು ಕೈ ತೊಳೆದುಕೊಳ್ಳುತ್ತದೆ. ಅದಕ್ಕಿಂತ ಉದ್ದ ಸರಪಳಿಯ ಸಕ್ಕರೆಯಾದ ಡೆಕ್ಸ್‌ಟ್ರಿನ್ ಬಿಯರ್‌ನಲ್ಲೇ ಉಳಿಯುತ್ತದೆ. ಬ್ರೆಟ್ ಎಲೆಯಲ್ಲಿ ಬಿಟ್ಟದ್ದನ್ನೂ ಬಳಿದು ತಿನ್ನುವ ಜಾತಿ: ತನ್ನ ಕಿಣ್ವದಿಂದ ಆ ಸರಪಳಿಯನ್ನು ತುಂಡರಿಸಿಕೊಂಡು, ತಿಂಗಳುಗಟ್ಟಲೆ ನಿಧಾನವಾಗಿ ಮುಗಿಸುತ್ತದೆ. 1904ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಇದನ್ನು ಗುರುತಿಸಿದ್ದೇ ಪೀಪಾಯಿಯಲ್ಲಿ ಬಹುಕಾಲ ಮಾಗುತ್ತಿದ್ದ ಇಂಗ್ಲಿಷ್ ಬಿಯರ್‌ಗಳ ಜಾಡು ಹಿಡಿದು. ಡಯಾಸ್ಟಾಟಿಕಸ್ ಎಂಬ ಯೀಸ್ಟ್ ಬಗೆಯೂ ಇದೇ ಕೆಲಸ ಮಾಡುತ್ತದೆ. ಹಣ್ಣಿನ ಸಿಪ್ಪೆಯಿಂದಲೋ ಹೂವಿನಿಂದಲೋ ನೀವೇ ಹಿಡಿದ ಯೀಸ್ಟ್ ಆದರೆ ಒಳಗೆ ಯಾರ್ಯಾರಿದ್ದಾರೋ ಗೊತ್ತಿರುವುದಿಲ್ಲ. ಬ್ರೆಟ್ ಇದೆ ಎಂದುಕೊಂಡೇ ನಡೆಯುವುದು ಕ್ಷೇಮ.

ಈಗ ಲೆಕ್ಕ. ಒಂದು ಲೀಟರ್ ಬಿಯರ್‌ನಲ್ಲಿ ಒಂದು ಲೀಟರ್ ಗ್ಯಾಸ್ (ಕಾರ್ಬನ್ ಡೈಆಕ್ಸೈಡ್) ಕರಗಿದ್ದರೆ ಅದು ಒಂದು ವಾಲ್ಯೂಮ್. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ವಾಲ್ಯೂಮ್ ಹುಟ್ಟುತ್ತದೆ. ಗ್ರಾವಿಟಿ 0.002 ಇಳಿದರೂ ಅಷ್ಟೇ. 20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ನಲ್ಲಿ ಮೊದಲೇ 0.85 ವಾಲ್ಯೂಮ್‌ನಷ್ಟು ಇರುತ್ತದೆ. ಬಾಟಲಿಯಲ್ಲಿ ಗ್ಯಾಸ್ ಹುಟ್ಟಲೆಂದು ತುಂಬುವಾಗ ಲೀಟರಿಗೆ 6 ಗ್ರಾಂ ಸಕ್ಕರೆ (ಇದೇ ಪ್ರೈಮಿಂಗ್ ಸಕ್ಕರೆ) ಹಾಕಿದರೆ 1.5 ಸೇರಿ 2.35 ಆಗುತ್ತದೆ, ಚೆನ್ನಾಗಿದೆ. ಆದರೆ 1.010ರಲ್ಲಿ ತುಂಬಿದ ಬಿಯರನ್ನು ಬ್ರೆಟ್ 1.004ಕ್ಕೆ ಇಳಿಸಿತೆನ್ನಿ, ಇನ್ನೂ ಮೂರು ವಾಲ್ಯೂಮ್ ಬಂದು ಕೂರುತ್ತದೆ. ಒಟ್ಟು 5.35. ಮಾಮೂಲಿ 330 ಮಿಲಿ ಬಿಯರ್ ಬಾಟಲಿಗೆ ಮೂರು ವಾಲ್ಯೂಮ್ ದಾಟಿಸಬಾರದು.

ಸೆಖೆ ಇದಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತದೆ. ಐದು ವಾಲ್ಯೂಮ್ ಗ್ಯಾಸ್ 4 ಡಿಗ್ರಿಯ ಫ್ರಿಜ್‌ನಲ್ಲಿ ಬಾಟಲಿಯ ಮೇಲೆ ಹಾಕುವ ಒತ್ತಡ ಎರಡೂವರೆ ಬಾರ್ ಆಸುಪಾಸು (ಒಂದು ಬಾರ್ ಎಂದರೆ ಸುಮಾರು ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು). 30 ಡಿಗ್ರಿಯ ಕೋಣೆಯಲ್ಲಿ ಅದು ಆರು ಬಾರ್ ದಾಟುತ್ತದೆ. ಚಳಿಗಾಲವೆಲ್ಲ ಸುಮ್ಮನಿದ್ದ ಬಾಟಲಿ ಬೇಸಿಗೆಯಲ್ಲಿ ಸಿಡಿಯಲು ಇದೊಂದು ಕಾರಣ. ಬೆಚ್ಚಗಾದಾಗ ಬ್ರೆಟ್ ಚುರುಕಾಗುವುದು ಇನ್ನೊಂದು.

ಹಾಗಾಗಿ ಕಾಯಬೇಕು. ಕನಿಷ್ಠ ಆರು ತಿಂಗಳು ಫರ್ಮೆಂಟರ್‌ನಲ್ಲೇ ಬಿಡಿ. ಆಮೇಲೆ ತಿಂಗಳಿಗೊಮ್ಮೆಯಂತೆ ಮೂರು ಸಲ ಅಳೆದಾಗಲೂ ಅದೇ ಅಂಕಿ ಬರಬೇಕು, ಅದೂ 1.004ಕ್ಕಿಂತ ಕೆಳಗೆ. 1.008ರಲ್ಲಿ ನಿಂತಿದ್ದರೆ ನನಗಂತೂ ನಂಬಿಕೆ ಬರುವುದಿಲ್ಲ. ಅಳೆಯುವ ಮುನ್ನ ಸ್ಯಾಂಪಲ್ಲನ್ನು ಎರಡು ಲೋಟಗಳ ನಡುವೆ ಕಾಫಿ ಆರಿಸುವ ಹಾಗೆ ಹೊಯ್ದು ಗ್ಯಾಸ್ ಬಿಡಿಸಿ. ಇಲ್ಲದಿದ್ದರೆ ಗುಳ್ಳೆಗಳು ಗ್ರಾವಿಟಿ ಅಳೆಯುವ ತೇಲು ಕೊಳವೆಗೆ, ಅಂದರೆ ಹೈಡ್ರೋಮೀಟರಿಗೆ, ಅಂಟಿ ಅದನ್ನು ಮೇಲೆತ್ತುತ್ತವೆ. 20 ಡಿಗ್ರಿಗೆ ಹೊಂದಿಸಿದ ಹೈಡ್ರೋಮೀಟರ್ 28 ಡಿಗ್ರಿಯಲ್ಲಿ ಸುಮಾರು 0.002 ಕಡಿಮೆ ತೋರಿಸುತ್ತದೆ, ಅದನ್ನು ಕೂಡಿಸಿಕೊಳ್ಳಿ. ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇಲ್ಲಿ ಬೇಡ. ಆಲ್ಕೋಹಾಲ್ ಸೇರಿದ ಮೇಲೆ ಅದರ ಅಂಕಿ ದಾರಿ ತಪ್ಪಿಸುತ್ತದೆ.

ಪ್ರೈಮಿಂಗ್ ಸಕ್ಕರೆಯನ್ನು ಚಮಚದಲ್ಲಲ್ಲ, ತೂಕದಲ್ಲಿ ಅಳೆಯಿರಿ. ಕುದಿಸಿದ ನೀರಿನಲ್ಲಿ ಕರಗಿಸಿ, ಇಡೀ ಬಿಯರ್‌ಗೆ ಮೆಲ್ಲಗೆ ಬೆರೆಸಿ. ಸರಿಯಾಗಿ ಬೆರೆಯದಿದ್ದರೆ ಅದೇ ಬ್ಯಾಚಿನಲ್ಲಿ ನಾಲ್ಕು ಬಾಟಲಿ ಸಪ್ಪೆ, ನಾಲ್ಕು ಬಾಂಬು.

ಬಾಟಲಿಯ ವಿಷಯದಲ್ಲಿ ಬೆಲ್ಜಿಯಂನವರನ್ನು ನೋಡಿ ಕಲಿಯಬೇಕು. ಗೂಝ್ ಎಂಬ ಬಿಯರ್ ಮಾಡುವಾಗ ಎಳೆಯ ಲ್ಯಾಂಬಿಕ್ಕನ್ನು (ಕಾಡು ಯೀಸ್ಟ್‌ನಿಂದ ಹುದುಗಿದ ಬಿಯರ್) ಎರಡು ಮೂರು ವರ್ಷ ಹಳೆಯದರ ಜೊತೆ ಬೆರೆಸುತ್ತಾರೆ. ಎಳೆಯದರಲ್ಲಿ ಉಳಿದ ಸಕ್ಕರೆಯೇ ಗ್ಯಾಸ್ ಕೊಡುತ್ತದೆ. ಅದನ್ನು ತುಂಬುವುದು ದಪ್ಪ ಶಾಂಪೇನ್ ಮಾದರಿಯ ಬಾಟಲಿಗೆ, ಬಿರಡೆಗೆ ತಂತಿ ಕಟ್ಟಿ. ನಿಮಗೂ ಅಂಥದ್ದೇ ಬೇಕು. ಅಲಂಕಾರದ ಚೌಕ ಬಾಟಲಿಗಳನ್ನು ಮುಟ್ಟಲೇಬೇಡಿ, ಚಪ್ಪಟೆ ಗೋಡೆ ಒತ್ತಡ ತಡೆಯುವುದಿಲ್ಲ. ಪ್ರತಿ ಬ್ಯಾಚಿನಲ್ಲೂ ಒಂದು ಸೋಡಾ ಪೆಟ್ (ಪ್ಲಾಸ್ಟಿಕ್) ಬಾಟಲಿ ತುಂಬಿಡಿ. ಒತ್ತಿದರೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಉಳಿದವೂ ಹಾಗೇ ಇವೆ ಎಂದರ್ಥ.

ಆಗಲೇ ಮಿತಿ ಮೀರಿದ್ದರೆ? ಬೆಚ್ಚಗಿನ ಬಾಟಲಿಗಳ ಹತ್ತಿರ ಹೋಗುವ ಮುನ್ನ ಮುಖಕ್ಕೆ ಪೂರ್ತಿ ಶೀಲ್ಡ್, ಕೈಗೆ ದಪ್ಪ ಚರ್ಮದ ಗ್ಲೌಸ್, ಉದ್ದ ತೋಳಿನ ದಪ್ಪ ಅಂಗಿ ಹಾಕಿಕೊಳ್ಳಿ. ಸಾಧ್ಯವಾದರೆ ಮೊದಲು ಕೋಣೆಯನ್ನೇ ತಂಪು ಮಾಡಿ. ಕ್ರೇಟಿನ ಮೇಲೆ ದಪ್ಪ ಟವೆಲ್ ಹೊದಿಸಿ, ಕುಲುಕದೆ ಫ್ರಿಜ್‌ಗೆ ಸೇರಿಸಿ, ಎರಡು ದಿನ ಬಿಡಿ. ಆಮೇಲೆ ಒಂದೊಂದನ್ನೇ ಟವೆಲ್ಲಿನಲ್ಲಿ ಸುತ್ತಿ, ಓಪನರಿನಿಂದ ಮುಚ್ಚಳದ ಅಂಚನ್ನು ಕೂದಲೆಳೆಯಷ್ಟು ಎತ್ತಿ. ಬುಸ್ ಎಂದು ಗ್ಯಾಸ್ ಹೋಗಲಿ, ನೊರೆ ಬಾಟಲಿಯ ಕತ್ತಿನವರೆಗೆ ಬಂದ ಕೂಡಲೇ ಮುಚ್ಚಳ ಎತ್ತುವುದನ್ನು ನಿಲ್ಲಿಸಿ. ಹೀಗೆ ಎರಡು ಮೂರು ಸಲ ಮಾಡಿ ಹೊಸ ಮುಚ್ಚಳ ಒತ್ತಿ. ಆಮೇಲೂ ಅವು ಫ್ರಿಜ್‌ನಲ್ಲೇ ಇರಬೇಕು. ಡೆಕ್ಸ್‌ಟ್ರಿನ್ ಇನ್ನೂ ಮುಗಿದಿರುವುದಿಲ್ಲ.

ಕರ್ನಾಟಕದಲ್ಲಿ ಅಬಕಾರಿ ಪರವಾನಗಿಯಿಲ್ಲದೆ ಬಿಯರ್ ಮಾಡುವಂತಿಲ್ಲ. ಆದರೆ ಅಡುಗೆಮನೆಯಲ್ಲಿ ಹಸಿಶುಂಠಿ, ಸಕ್ಕರೆ, ನೀರಿನಿಂದ ಶುಂಠಿ ಸೋಡಾ ಹುದುಗಿಸುವವರಿಗೂ ಈ ಲೆಕ್ಕ ಬೇಕು, ಇನ್ನೂ ಹೆಚ್ಚು ಬೇಕು. ಲೀಟರಿಗೆ 80 ಗ್ರಾಂ ಸಕ್ಕರೆ ಎಂದರೆ ಇಪ್ಪತ್ತು ವಾಲ್ಯೂಮ್. ಅದಕ್ಕೆ ತಾಳುವ ಗಾಜು ಮನೆಯಲ್ಲಿರುವುದಿಲ್ಲ. ಪೆಟ್ ಬಾಟಲಿಗೇ ತುಂಬಿ, ಸೆಖೆಯಲ್ಲಿ ದಿನಕ್ಕೆ ಎರಡು ಮೂರು ಸಲ ಒತ್ತಿ ನೋಡಿ, ಗಟ್ಟಿಯಾದ ತಕ್ಷಣ ಫ್ರಿಜ್‌ಗಿಟ್ಟು, ಕೆಲವೇ ದಿನಗಳಲ್ಲಿ ಕುಡಿದು ಮುಗಿಸಿ.