‘ಸತ್ಯವೇ ಇಲ್ಲ’ ಎಂದು ಹೇಳಿದ್ದು ಯಾರು?

ಆಧುನಿಕೋತ್ತರವಾದ ಎಂದರೆ ‘ಸತ್ಯವೇ ಇಲ್ಲ’ ಅನ್ನುವ ವಾದ ಎಂದು ಆಸ್ತಿಕರೂ ನಾಸ್ತಿಕರೂ ಒಟ್ಟಿಗೇ ತಪ್ಪು ತಿಳಿಯುತ್ತಾರೆ. ಆ ಮಾತೇ ಸತ್ಯವಾದರೆ ತನ್ನನ್ನು ತಾನೇ ಸುಳ್ಳಾಗಿಸುತ್ತದೆ; ಆಧುನಿಕೋತ್ತರವಾದದ ಫ್ರೆಂಚ್ ಚಿಂತಕ ಲ್ಯೋತಾರ್ ಅಷ್ಟು ಪೆದ್ದನಲ್ಲ! 1979ರಲ್ಲಿ ಅವನು ಗುರುತಿಸಿದ್ದು ಮಹಾಕಥನಗಳ, ಅಂದರೆ ಎಲ್ಲವನ್ನೂ ಒಂದೇ ಎಳೆಯಲ್ಲಿ ವಿವರಿಸುವ ದೊಡ್ಡ ಕಥೆಗಳ, ಮೇಲಿನ ಅಪನಂಬಿಕೆಯನ್ನು. ಅವನ ಕಣ್ಣು ಮುಖ್ಯವಾಗಿ ಇದ್ದದ್ದು ವಿಚಾರದ ಮೂಲಕ ಮನುಕುಲದ ಬಿಡುಗಡೆ ಎಂಬಂಥ ಆಧುನಿಕ ಕಥನಗಳ ಮೇಲೆ. ಹಾಗಾಗಿ ಧರ್ಮವನ್ನು ಕಟಕಟೆಗೆ ಎಳೆದಿದ್ದ, ವಿಚಾರವೆಂಬ ನ್ಯಾಯಾಧೀಶನ ಕುರ್ಚಿಯೇ ಅಲುಗಾಡಿತು.

ಇನ್ನೊಬ್ಬ ಫ್ರೆಂಚ್ ಚಿಂತಕ ದೆರಿದಾನ ದಾರಿ ಬೇರೆ: ಒಂದು ಮೇಲು, ಇನ್ನೊಂದು ಕೀಳು ಎಂದು ಜೋಡಿಸಿಟ್ಟ ಪದಗಳನ್ನು ಬಿಚ್ಚಿ ನೋಡುವುದು. ‘ನಂಬಿಕೆ–ಸಂಶಯ’ ಜೋಡಿಯನ್ನೇ ತೆಗೆದುಕೊಳ್ಳಿ. ಭಕ್ತನಿಗೆ ನಂಬಿಕೆ ಮೇಲು, ಸಂಶಯ ಕೀಳು. ಆದರೆ ಸಂಶಯಕ್ಕೆ ಎಡೆಯೇ ಇಲ್ಲದ ಕಡೆ ಇರುವುದು ಬರೀ ತಿಳಿವಳಿಕೆ, ನಂಬಿಕೆಯಲ್ಲ. ಮೇಲಿನದು ಕೆಳಗಿನದರ ಆಸರೆಯಲ್ಲೇ ನಿಂತಿದೆ. ಇಷ್ಟಕ್ಕೆ ನಿಲ್ಲಿಸದೆ ಸಂಶಯವನ್ನು ಪಟ್ಟಕ್ಕೇರಿಸಿದರೆ ಹಳೆಯ ಏಣಿಯೇ ತಲೆಕೆಳಗಾಗಿ ಉಳಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.