ನೀರುಗಂಟಿ ಚಿಕ್ಕಪ್ಪ ಕಂಡ ಹಿಮ

ಮಂಡ್ಯದಿಂದ ದೆಹಲಿ, ಅಲ್ಲಿಂದ ಮನಾಲಿ, ಮೂರು ದಿನ ಹೋಗೇ ಹೋಯ್ತು, ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ. ಮನಾಲಿ ಮಾಲ್ ರೋಡ್ ಅಂತೂ ನಂಗೆ ಒಂಚೂರೂ ಹಿಡಿಸ್ಲಿಲ್ಲ, ದಸರಾ ಟೈಮಲ್ಲಿ ಮೈಸೂರು ಅರಸು ರೋಡಲ್ಲಿ ಸಿಕ್ಕಾಕೊಂಡ ಹಾಗಿತ್ತು. ನಾನು ಬರೀತಿರೋದು ಹಿಮಾಚಲದ ಲಾಹೌಲ್ ಕಣಿವೆಯ ಕೋಕ್ಸರ್ ಹತ್ರ ಕಳೆದ ಎರಡು ದಿನದ ಬಗ್ಗೆ.

ಏಪ್ರಿಲ್ ಮಧ್ಯ. 9 ಕಿ.ಮೀ. ಅಟಲ್ ಟನಲ್ ದಾಟಿ ಲಾಹೌಲ್ ಕಡೆ ಬಂದ್ರೆ ಎಲ್ಲಾ ಬಿಳಿ, ಕೆಳಗೆ ಚಂದ್ರಾ ನದಿ. ಜೊತೇಲಿ ನಮ್ ಚಿಕ್ಕಪ್ಪ, ವಿ.ಸಿ. ನಾಲೆ ಬಯಲಲ್ಲಿ ಮೂವತ್ತು ವರ್ಷ ಗದ್ದೆಗಳಿಗೆ ನೀರು ಹಂಚೋ ನೀರುಗಂಟಿ ಆಗಿದ್ದೋರು, ಹಿಮ ನೋಡಿದ್ದು ಕ್ಯಾಲೆಂಡರಲ್ಲಿ ಮಾತ್ರ. ಹಿಮದ ಇಳಿಜಾರಲ್ಲಿ ನಡ್ಕೊಂಡು ಹೋಗೋ ಟ್ರಿಪ್ ಮಾಡ್ಸಿದ ಏಜೆಂಟು "ಆರಾಮಾಗಿ ತಿಂಡಿ ತಿಂದ್ಕೊಂಡು ಹತ್ತಕ್ಕೆ ಹೋಗಿ ಸಾರ್, ಗುಡ್ಡ ಎಲ್ಲಿಗೂ ಹೋಗಲ್ಲ" ಅಂದಿದ್ದ. ಹೋದ್ವಿ. ಲೋಕಲ್ ಗೈಡ್ ಹುಡುಗ ಹತ್ತೂವರೆಗೆ ನಮ್ಮನ್ನ ನೋಡಿ, ಬಿಸಿಲು ನೋಡಿ, ಇವತ್ತು ಆಗಲ್ಲ ಅಂದ್ಬಿಟ್ಟ. ಕಟ್ಟಿದ್ದ ದುಡ್ಡೂ ವಾಪಸ್ ಬರ್ಲಿಲ್ಲ. ಇವತ್ತಿಗೂ ನಂಗೆ ಹೊಟ್ಟೆ ಉರಿಯುತ್ತೆ, ದುಡ್ಡಿಗಲ್ಲ, ಆ ಮಾತಿಗೆ. ಏಪ್ರಿಲ್, ಮೇನಲ್ಲಿ ಯಾರಾದ್ರೂ ಹಿಮದ ಇಳಿಜಾರಿಗೆ ಹತ್ತು ಗಂಟೆಗೆ ಹೊರಡಿ ಅಂದ್ರೆ ದಯವಿಟ್ಟು ಅವರ ಹತ್ರ ಬುಕ್ ಮಾಡ್ಬೇಡಿ.

ಮುಖ ಗಂಟು ಹಾಕ್ಕೊಂಡು ಟೀ ಅಂಗಡೀಲಿ ಕೂತಿದ್ವಿ. ಹನ್ನೆರಡೂ ಕಾಲಿಗೆ ನದಿ ಆಚೆ ಬಿಸಿಲು ಬಿದ್ದಿದ್ದ ಗುಡ್ಡದಲ್ಲಿ ಮೊದಲು ಲಾಡು ಗಾತ್ರದ ಹಿಮದುಂಡೆಗಳು ಉರುಳ್ಕೊಂಡು ಬಂದ್ವು, ಆಮೇಲೆ ಗುಡ್ಡದ ಒಂದು ಪಟ್ಟೆಯೇ ಜಾರ್ತು. ನಾನು ಅವಲಾಂಚ್, ಅಂದ್ರೆ ಹಿಮಕುಸಿತ, ಪುಡಿ ಹಾರ್ಕೊಂಡು ಬರುತ್ತೆ ಅಂದ್ಕೊಂಡಿದ್ದೆ, ಇದು ಹಸಿ ಕಾಂಕ್ರೀಟ್ ಸುರಿದ ಹಾಗೆ ನಿಧಾನಕ್ಕೆ, ಭಾರವಾಗಿ ಇಳೀತು, ದಾರೀಲಿದ್ದ ಬಂಡೆಗಳನ್ನೂ ತಳ್ಕೊಂಡು.

ಅಂಗಡೀಲಿ ಯಾರೂ ಮಾತಾಡ್ಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ಚಿಕ್ಕಪ್ಪ "ಅದ್ಯಾಕ್ ಜಾರ್ತು ಕೇಳ್ಲಾ" ಅಂದ್ರು. ನಾನು ಗೈಡ್ ಹುಡುಗನ್ನ ಹಿಂದೀಲಿ ಕೇಳ್ದೆ. ಚಳಿಗಾಲದ ಹಿಮ ಒಂದರ ಮೇಲೊಂದು ಪದರ ಕೂತಿರುತ್ತಂತೆ, ಬಿಸಿಲಿಗೆ ಮೇಲಿಂದು ಕರಗಿ ನೀರು ಒಳಗಿಳಿದು, ಕೆಳಗಿನ ಗಟ್ಟಿ ಪದರಕ್ಕೆ ಬಂದು ನಿಲ್ಲುತ್ತೆ, ಅಲ್ಲಿ ಹಿಡಿತ ತಪ್ಪುತ್ತೆ.

"ಗೊತ್ತಾಯ್ತು ಬುಡು. ಏರಿ ಒಳ್ಗೆ ನೀರು ಜಿನುಗ್ತಾದೆ, ಮೇಲಿಂದ ನೋಡುದ್ರೆ ಏರಿ ನೆಟ್ಗೇ ಇರ್ತದೆ. ಒಂದ್ ದಿನ ಹೊಂಟೋಯ್ತದೆ" ಅಂದ್ರು ಚಿಕ್ಕಪ್ಪ.

ಆ ಹುಡುಗನಿಗೆ ಇದನ್ನ ಹೇಳ್ದಾಗ ಅವನ ಮುಖ ಅರಳಿದ್ದು ನೋಡ್ಬೇಕಿತ್ತು. ಆಮೇಲೆ ಒಂದು ಗಂಟೆ ಅವರಿಬ್ಬರದೇ ಮಾತು, ನಾನು ನಡುವೆ ಸೇತುವೆ. ಹುಡುಗ ಹೇಳ್ದ, ರಾತ್ರಿ ಆಕಾಶ ತಿಳಿಯಾಗಿದ್ರೆ ಹಿಮ ಮತ್ತೆ ಕಲ್ಲಾಗುತ್ತೆ, ಮೋಡ ಮುಚ್ಕೊಂಡಿದ್ರೆ ಆಗಲ್ಲ, ಆಗ ಬೆಳಗ್ಗೆಯೂ ಹೋಗ್ಬಾರ್ದು. 30ರಿಂದ 45 ಡಿಗ್ರಿ ಇಳಿಜಾರು ಅತಿ ಅಪಾಯ. ಪೂರ್ವಕ್ಕೆ ಮುಖ ಮಾಡಿದ ಗುಡ್ಡ ಮೊದಲು ಮೆತ್ತಗಾಗುತ್ತೆ. ಹೂತೋದೋರನ್ನ ಹದಿನೈದು ನಿಮಿಷದೊಳಗೆ ತೆಗೆದ್ರೆ ಉಳಿಯೋ ಆಸೆ ಜಾಸ್ತಿ, ಹೊರಗಿಂದ ಜನ ಬರೋತನಕ ಕಾಯೋಕಾಗಲ್ಲ, ಅದಕ್ಕೇ ಸಿಗ್ನಲ್ ಕೊಡೋ ಬೀಕನ್ನು ಎಲ್ಲರ ಮೈಮೇಲೆ, ಹಿಮಕ್ಕೆ ಚುಚ್ಚಿ ಹುಡುಕೋ ಉದ್ದನೆ ಕಡ್ಡಿ, ಸಲಿಕೆ ಜೊತೆಗಿರೋರ ಬೆನ್ನಲ್ಲೇ ಇರ್ಬೇಕು. ಚಿಕ್ಕಪ್ಪ ಸುಮ್ನಾಗಿ, "ನಮ್ ಎಚ್.ಡಿ. ಕೋಟೆ ಹುಡ್ಗ ಮಹೇಶ, ಧಾರವಾಡದ ಹನುಮಂತಪ್ಪ, ಸಿಯಾಚಿನ್‌ನಲ್ಲಿ ಹಿಂಗೇ ಅಲ್ವೇನ್ಲಾ" ಅಂದ್ರು. 2016ರ ಫೆಬ್ರವರಿ, ಹಿಮ ಕುಸಿದು ಹೂತೋದ ಸೈನಿಕರು ಅವರು. ಹನುಮಂತಪ್ಪ ಕೊಪ್ಪದ ಆರು ದಿನ ಆದ್ಮೇಲೂ ಜೀವಂತ ಸಿಕ್ಕಿದ್ರು, ಆಮೇಲೆ ಆಸ್ಪತ್ರೇಲಿ ತೀರ್ಕೊಂಡ್ರು. ಅದನ್ನ ಹಿಂದೀಲಿ ಹೇಳೋವಾಗ ನನ್ನ ಗಂಟಲು ಕಟ್ತು. ಹುಡುಗ ಹೆಸರು ಕೇಳಿ ತಲೆ ತಗ್ಗಿಸ್ದ.

ಮಾರನೆ ದಿನ ಅವನು ಹಿಮಕುಸಿತದ ಮುನ್ಸೂಚನೆ ಕೊಡೋ ರಕ್ಷಣಾ ಇಲಾಖೆ ಸಂಸ್ಥೆಯಾದ ಡಿಜಿಆರ್‌ಇ ಅವಲಾಂಚ್ ಬುಲೆಟಿನ್ ನೋಡ್ಕೊಂಡೇ ಬಂದಿದ್ದ. ನಾಲ್ಕೂವರೆಗೆ ಹೊರಟ್ವಿ, ಕಾಲಿಟ್ರೆ ಹಿಮ ಟಣ್ ಅನ್ನೋಷ್ಟು ಗಟ್ಟಿ. ಇಳಿಜಾರಿನ ಜಾಗದಲ್ಲಿ ಒಬ್ಬೊಬ್ಬರಾಗಿ ದಾಟ್ಸಿದ, ಒಬ್ಬರು ಆಚೆ ಸೇರೋ ತನಕ ಉಳಿದೋರು ನಿಂತು ಅವರನ್ನೇ ನೋಡ್ತಿರ್ಬೇಕು. ಎಂಟೂವರೆಗೆಲ್ಲಾ ವಾಪಸ್ ದಾಟಿ ಆಗಿತ್ತು. ಒಂಬತ್ತಕ್ಕೆ ದಾರಿ ಪಕ್ಕ ಚಿಕ್ಕಪ್ಪನ ಬೂಟು ಹಿಮದಲ್ಲಿ ಹರಡಿನ ತನಕ ಹೂತ್ಕೊಳ್ತು. ಅವರು ಬಗ್ಗಿ ಒಂದು ಹಿಡಿ ತಗೊಂಡು, ಗದ್ದೆ ಮಣ್ಣು ಹದ ನೋಡೋ ಹಾಗೆ ಹಿಂಡಿದ್ರು. ಬೆರಳ ಸಂದಿಯಿಂದ ನೀರು ಇಳೀತು.